ಚಳಿಗಾಲಕ್ಕೆ ಸಿಹಿ-ಮಸಾಲೆ ಪರಿಮಳ: ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ತಿಕ ಬಂತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಪ್ರಶ್ನೆಗಳು ಬರಲು ಶುರುವಾಗುತ್ತವೆ. ತಂಗಿಯರು, ಅತ್ತಿಗೆ, ಹಳೆಯ ಆಫೀಸಿನ ಗೆಳತಿಯರು, ಈಗ ಕಾಲೇಜಿಗೆ ಹೋಗುತ್ತಿರುವ ಅವರ ಹೆಣ್ಣುಮಕ್ಕಳು. "ಅಕ್ಕಾ, ಹೋದ ವರ್ಷ ನೀವು ಹಾಕ್ಕೊಂಡಿದ್ರಲ್ಲ, ದಾಲ್ಚಿನ್ನಿ ಥರ ಇತ್ತು, ಅದು ಯಾವುದು?" ಎಂದು ಮೊದಲಾಗುತ್ತದೆ, ಸೀರೆಗೆ ಕಲೆಯಾಯಿತು, ತಲೆನೋವು ಬಂತು ಎಂಬಲ್ಲಿಗೆ ಮುಗಿಯುತ್ತದೆ. ಇಪ್ಪತ್ತು ವರ್ಷದಿಂದ ಇಂಥ ಪರಿಮಳಗಳನ್ನು ಹಾಕಿಕೊಳ್ಳುತ್ತ, ಕೊಳ್ಳುತ್ತ, ಹಂಚುತ್ತ ಬಂದಿದ್ದೇನೆ. ಕೆಡುವುದು ಹೆಚ್ಚಾಗಿ ಅಳತೆಯಲ್ಲಿ ಮತ್ತು ಅವಸರದಲ್ಲಿ ಎಂಬುದು ನನ್ನ ಅನುಭವ. ಉತ್ತರಗಳನ್ನೆಲ್ಲ ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ.

ಸಿಹಿ-ಮಸಾಲೆ ಪರಿಮಳ ಎಂದರೆ ಒಳಗೆ ಏನಿರುತ್ತದೆ?

ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯ ಮುಚ್ಚಳ ತೆಗೆದರೆ ಅರ್ಧ ಉತ್ತರ ಸಿಕ್ಕಿತು. ಲವಂಗ, ದಾಲ್ಚಿನ್ನಿ, ಏಲಕ್ಕಿ, ಜಾಯಿಕಾಯಿ, ಕೆಲವದರಲ್ಲಿ ಕಾಳುಮೆಣಸು, ಕೇಸರಿ. ಸಿಹಿಯ ಪಾಲಿಗೆ ವೆನಿಲ್ಲಾ, ಟೊಂಕಾ ಎಂಬ ಬೀಜ, ಸಾಂಬ್ರಾಣಿ, ಜೇನು, ಕಾಫಿ, ಕೆಂಪಗೆ ಕಾಯಿಸಿದ ಸಕ್ಕರೆಯ ವಾಸನೆ. ಇವೆಲ್ಲ ಕೂರುವುದಕ್ಕೆ ತಳದಲ್ಲಿ ಶ್ರೀಗಂಧ, ಪಚೋಲಿ ಎಂಬ ಎಲೆಯ ಎಣ್ಣೆ, ಒಂದಿಷ್ಟು ಕಸ್ತೂರಿಯಂಥದ್ದು.

ಲವಂಗದ ಘಾಟಿಗೆ ಕಾರಣ ಯೂಜೆನಾಲ್ ಎಂಬ ಪದಾರ್ಥ. ಲವಂಗದೆಣ್ಣೆಯ ಬಹುಪಾಲು ಅದೇ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುವುದೂ ಅದೇ. ಅದಕ್ಕೇ ಕೆಲವರು ಇಂಥ ಸೆಂಟು ಮೂಸಿದೊಡನೆ "ಹಲ್ಲುನೋವಿನ ಔಷಧಿ" ಎಂದುಬಿಡುತ್ತಾರೆ. ಅವರ ಮೂಗು ಸುಳ್ಳು ಹೇಳುತ್ತಿಲ್ಲ. ಅಂಥವರು ಲವಂಗ ಬಿಟ್ಟು ಏಲಕ್ಕಿ, ಕೇಸರಿ ಮುಂದಿರುವಂಥದ್ದನ್ನು ಹುಡುಕಿದರೆ ಹಿತ.

ವೆನಿಲ್ಲಾದ ಮಾತು ಬಂದಾಗ ನನಗೆ ಮಲೆನಾಡಿನ ತೋಟಗಳು ನೆನಪಾಗುತ್ತವೆ. 2000ರ ದಶಕದ ಆರಂಭದಲ್ಲಿ ಅಡಿಕೆ ಮರಗಳ ನಡುವೆ ಊರಿಗೆ ಊರೇ ವೆನಿಲ್ಲಾ ಬಳ್ಳಿ ಹಬ್ಬಿಸಿತ್ತು. ಬೆಳಿಗ್ಗೆ ಎದ್ದು ಒಂದೊಂದು ಹೂವಿಗೂ ಕೈಯಲ್ಲೇ ಪರಾಗಸ್ಪರ್ಶ ಮಾಡಬೇಕಿತ್ತು. ಬೆಲೆ ಆಕಾಶಕ್ಕೇರಿ ಅಷ್ಟೇ ಬೇಗ ನೆಲ ಕಚ್ಚಿತು. ಆ ಹಸಿ ಕೋಡಿಗೆ ಪರಿಮಳವೇ ಇರುವುದಿಲ್ಲ, ತಿಂಗಳುಗಟ್ಟಲೆ ಹದ ಮಾಡಿದ ಮೇಲೆ ಕಪ್ಪಾಗಿ ಘಮಘಮಿಸುತ್ತದೆ. ಇಷ್ಟು ಕಷ್ಟದ್ದನ್ನು ಎಲ್ಲ ಬಾಟಲಿಗೂ ಹಾಕಲಾಗುವುದಿಲ್ಲ. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬ ರಸಾಯನಶಾಸ್ತ್ರಜ್ಞರು ವೆನಿಲ್ಲಾದ ಮುಖ್ಯ ಸುವಾಸನೆಯಾದ ವೆನಿಲಿನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಇವತ್ತು ಬಹುತೇಕ ಪರ್ಫ್ಯೂಮುಗಳಲ್ಲಿರುವ ಸಿಹಿ ಆ ದಾರಿಯಿಂದ ಬಂದದ್ದು.

ಇದಕ್ಕೆ ಚಳಿಗಾಲವೇ ಯಾಕೆ?

ಪರಿಮಳ ಮೂಗಿಗೆ ಬರಬೇಕಾದರೆ ಮೈಮೇಲಿಂದ ಆವಿಯಾಗಿ ಏಳಬೇಕು. ನಿಂಬೆ, ಕಿತ್ತಳೆಯಂಥ ಹಗುರದವು ಕಾಲು ಗಂಟೆಯಲ್ಲಿ ಎದ್ದು ಹೋಗುತ್ತವೆ. ವೆನಿಲ್ಲಾ, ಶ್ರೀಗಂಧ, ಪಚೋಲಿ ಭಾರದವು, ಗಂಟೆಗಟ್ಟಲೆ ಕೂರುತ್ತವೆ. ಸೆಖೆಯಲ್ಲಿ ಭಾರದವೂ ಹಗುರದವೂ ಒಟ್ಟಿಗೆ ಮೇಲೇಳುತ್ತವೆ. ಜೊತೆಗೆ ಬೆವರು ಸೇರಿ ಸಿಹಿ ಹುಳಿಯಾದಂತಾಗುತ್ತದೆ. ಚಳಿಯಲ್ಲಿ ಸಣ್ಣ ಉರಿಯ ಮೇಲಿಟ್ಟ ಬೆಲ್ಲದ ಪಾಕದ ಹಾಗೆ, ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

ಒಮ್ಮೆ ಏಪ್ರಿಲ್ ತಿಂಗಳ ಮದುವೆಗೆ ನನ್ನ ಇಷ್ಟದ ಲವಂಗ-ವೆನಿಲ್ಲಾ ಸೆಂಟು ಹಾಕಿಕೊಂಡು ಹೋಗಿದ್ದೆ. ಛತ್ರದಲ್ಲಿ ಹೋಮದ ಹೊಗೆ, ಮುನ್ನೂರು ಜನ, ಮೇಲೆ ತಗಡಿನ ಚಪ್ಪರ. ಧಾರೆ ಮುಗಿಯುವ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ಸೆರಗು ಮೂಗಿಗೆ ಒತ್ತಿಕೊಂಡು ಹಿಂದಿನ ಸಾಲಿಗೆ ಎದ್ದು ಹೋದರು. ಅದೇ ಸೆಂಟನ್ನು ಪುಷ್ಯ ಮಾಸದಲ್ಲಿ ಅವರ ಮನೆಗೇ ಹಾಕಿಕೊಂಡು ಹೋದಾಗ "ಏನೇ ಇದು, ಕಜ್ಜಾಯದ ಪಾಕದ ಹಾಗೆ ಘಮ್ ಅಂತಿದ್ದೀಯಲ್ಲ" ಎಂದು ಕೈ ಹಿಡಿದು ಪಕ್ಕ ಕೂರಿಸಿಕೊಂಡರು.

ನಮ್ಮ ಕಡೆ ಅಂಥ ಚಳಿ ಎಲ್ಲಿದೆ? ಯಾವ ತಿಂಗಳಿಂದ ಹಾಕಿಕೊಳ್ಳಲಿ?

ಬೆಂಗಳೂರಿನಲ್ಲಿ ಈವರೆಗಿನ ಅತಿ ಕಡಿಮೆ ಉಷ್ಣತೆ ದಾಖಲಾದದ್ದು 1884ರ ಜನವರಿ 13ರಂದು, 7.8 ಡಿಗ್ರಿ. ಈಗ ಡಿಸೆಂಬರ್-ಜನವರಿಯ ಬೆಳಗಿನ ಜಾವ 15-16 ಡಿಗ್ರಿ ಇದ್ದರೆ ಮಧ್ಯಾಹ್ನ 27 ದಾಟುತ್ತದೆ. ಅಂದರೆ ನಮಗೆ ಚಳಿಗಾಲ ಎನ್ನುವುದಕ್ಕಿಂತ ಚಳಿಯ ಹೊತ್ತು ಎನ್ನುವುದು ಸರಿ: ಬೆಳಿಗ್ಗೆ ಹತ್ತರವರೆಗೆ, ಸಂಜೆ ಆರರ ಮೇಲೆ. ನಾನು ಗಟ್ಟಿ ಪರಿಮಳಗಳನ್ನು ಸಂಜೆಗೇ ಇಡುತ್ತೇನೆ. ಬೀದರ್, ವಿಜಯಪುರ, ಕಲಬುರಗಿ ಕಡೆಯವರಿಗೆ ರಾತ್ರಿಯ ಚಳಿ ನಮಗಿಂತ ಗಟ್ಟಿ, ಅವರು ದೀಪಾವಳಿಯಿಂದಲೇ ಶುರು ಮಾಡಬಹುದು. ಮಂಗಳೂರು, ಉಡುಪಿಯವರಿಗೆ ಡಿಸೆಂಬರಿನಲ್ಲೂ ಬೆವರು ತಪ್ಪದು. ಅವರು ತೆಳುವಾದದ್ದನ್ನು ಆರಿಸಿಕೊಂಡು ರಾತ್ರಿ ಯಕ್ಷಗಾನಕ್ಕೋ ಊಟಕ್ಕೋ ಹೋಗುವಾಗ ಹಾಕಿಕೊಳ್ಳಲಿ.

ಮಲೆನಾಡು, ಕೊಡಗಿನವರಿಗೆ ಒಂದು ಮಾತು. ನಿಮಗೆ ತಣ್ಣನೆಯ ಕಾಲ ವರ್ಷಕ್ಕೆ ಎರಡು ಸಲ ಬರುತ್ತದೆ. ಆಷಾಢ-ಶ್ರಾವಣದ ಮಳೆಯಲ್ಲಿ ಬಟ್ಟೆ ಒಣಗದೆ, ಹಂಡೆಯ ಒಲೆ ಬಿಟ್ಟು ಏಳಲು ಮನಸ್ಸಾಗದ ದಿನಗಳಲ್ಲಿ ಈ ಪರಿಮಳ ಡಿಸೆಂಬರಿಗಿಂತಲೂ ಚೆಂದ. ಒದ್ದೆ ಗಾಳಿಯಲ್ಲಿ ವಾಸನೆ ಚೆನ್ನಾಗಿ ಹಿಡಿಯುತ್ತದೆ. ಜುಲೈ ಮಳೆಯಲ್ಲಿ ಅಮ್ಮನ ಮನೆಯ ಜಗಲಿಯಲ್ಲಿ ಕೂತಾಗ ನನ್ನ ಶಾಲಿನ ಏಲಕ್ಕಿ ವಾಸನೆಯೂ ಒಲೆಯ ಹೊಗೆಯೂ ಬೆರೆತದ್ದು ಯಾವ ಬಾಟಲಿಯಲ್ಲೂ ಸಿಕ್ಕಿಲ್ಲ.

ಎಷ್ಟು ಹಾಕಬೇಕು? ಎಲ್ಲಿ ಹಾಕಬೇಕು?

ಎರಡು ಸಲ ಒತ್ತಿ. ಮೂರನೆಯದು ಬೇಡ. ಇದನ್ನು ಕೇಳಿ ಯಾರೂ ಮೊದಲ ಸಲ ಒಪ್ಪುವುದಿಲ್ಲ, ಅದಕ್ಕೇ ಹೇಗೆ ಮಾಡುತ್ತೇನೆಂದು ಪೂರ್ತಿ ಹೇಳುತ್ತೇನೆ.

ಸ್ನಾನ ಮುಗಿದು ಮೈ ಒರೆಸಿಕೊಂಡಾಗ ಚರ್ಮ ಇನ್ನೂ ಬೆಚ್ಚಗಿರುತ್ತದೆ. ಮೊಣಕೈ ಒಳಮಡಿಕೆಗೆ, ಕತ್ತಿನ ಹಿಂಭಾಗಕ್ಕೆ ವಾಸನೆಯಿಲ್ಲದ ಲೋಷನ್ ಸವರುತ್ತೇನೆ. ಐದು ನಿಮಿಷ ಬಿಟ್ಟು, ಒಂದು ಗೇಣು ದೂರದಿಂದ ಎಡ ಮೊಣಕೈ ಮಡಿಕೆಗೆ ಒಂದು ಸಲ, ಕತ್ತಿನ ಹಿಂದೆ ಕೂದಲ ಬುಡಕ್ಕಿಂತ ಕೆಳಗೆ ಒಂದು ಸಲ ಒತ್ತುತ್ತೇನೆ. ಮೊದಲು ಮದ್ಯಸಾರದ ಚುರುಕು, ಆಮೇಲೆ ಕಿತ್ತಳೆ ಸಿಪ್ಪೆ ಸುಲಿದಂಥ ಒಂದು ಎಳೆ. ಆಗ ನಿರ್ಧಾರ ಮಾಡಬೇಡಿ. ಬ್ಲೌಸು, ಸ್ವೆಟರು ಹಾಕಿಕೊಂಡು, ಕಾಫಿ ಕುಡಿದು, ಚಪ್ಪಲಿ ಮೆಟ್ಟುವ ಹೊತ್ತಿಗೆ ಲವಂಗ ತಲೆಯೆತ್ತುತ್ತದೆ. ಬಸ್ಸಿನಲ್ಲಿ ಕೂತ ಮೇಲೆ ವೆನಿಲ್ಲಾ. ಇಷ್ಟು ಹೊತ್ತು ಕಾಯಲಾರದೆ ಇನ್ನೆರಡು ಸಲ ಒತ್ತಿದವರು ಮಧ್ಯಾಹ್ನ ಪೇಚಾಡುತ್ತಾರೆ.

ಮಣಿಕಟ್ಟಿಗೆ ಹಾಕಿ ಎರಡನ್ನೂ ಉಜ್ಜುವ ಅಭ್ಯಾಸ ಬಿಡಿ. ಉಜ್ಜಿದ ಬಿಸಿಗೆ ಮೇಲಿನ ಹಗುರ ಪರಿಮಳ ಬೇಗ ಹಾರಿ, ಮೊದಲ ಹದಿನೈದು ನಿಮಿಷದ ಚೆಲುವೇ ಕೈತಪ್ಪುತ್ತದೆ. ನಮ್ಮ ಹೆಂಗಸರ ಕೈ ದಿನಕ್ಕೆ ಎಷ್ಟು ಸಲ ನೀರಿಗೆ ಹೋಗುತ್ತದೆ ನೋಡಿ. ಮಣಿಕಟ್ಟು ಹೇಗೂ ಲಾಭದ ಜಾಗವಲ್ಲ.

ಇನ್ನೊಂದು ಎಚ್ಚರ. ಪರ್ಫ್ಯೂಮಿನ ಬಹುಪಾಲು ಮದ್ಯಸಾರ, ಬೆಂಕಿ ಹಿಡಿಯುವಂಥದ್ದು. ಕಾರ್ತಿಕದಲ್ಲಿ ಹೊಸ್ತಿಲಿಗೆ, ತುಳಸಿಕಟ್ಟೆಗೆ ದೀಪ ಹಚ್ಚುವ ಮುಂಚೆ ಸೆಂಟು ಹೊಡೆದುಕೊಂಡು ಬಗ್ಗಬೇಡಿ. ದೀಪ ಹಚ್ಚಿ ಬಂದು ಹಾಕಿಕೊಳ್ಳಿ. ಗ್ಯಾಸ್ ಒಲೆಯ ಹತ್ತಿರವೂ ಹಾಗೇ.

ಚಳಿಗಾಲದಲ್ಲಿ ನನ್ನ ಮೈಮೇಲೆ ಎರಡು ಗಂಟೆಯೂ ನಿಲ್ಲುವುದಿಲ್ಲ. ಸೆಂಟು ಕೆಟ್ಟಿದೆಯೇ?

ಸೆಂಟು ಸರಿಯಾಗಿಯೇ ಇದ್ದೀತು, ಚರ್ಮ ಒಡೆದಿರುತ್ತದೆ. ಒಣಗಿದ ಚರ್ಮದಲ್ಲಿ ಪರಿಮಳಕ್ಕೆ ಹಿಡಿದುಕೊಳ್ಳಲು ಜಿಡ್ಡೇ ಇರುವುದಿಲ್ಲ. ಉತ್ತರ ಕರ್ನಾಟಕದ ಒಣ ಗಾಳಿಯಲ್ಲಿ ಇದು ಇನ್ನೂ ಹೆಚ್ಚು. ವ್ಯಾಸಲೀನು ಒಂದು ಅಕ್ಕಿಕಾಳಿನಷ್ಟು ಸವರಿ ಅದರ ಮೇಲೆ ಹಾಕಿ ನೋಡಿ. ಕೊಬ್ಬರಿ ಎಣ್ಣೆಯೂ ಆಗುತ್ತದೆ, ಆದರೆ ಅದಕ್ಕೆ ತನ್ನದೇ ಗಟ್ಟಿ ವಾಸನೆ. ವೆನಿಲ್ಲಾ ಜೊತೆ ಸೇರಿ ಕೊಬ್ಬರಿ ಮಿಠಾಯಿಯ ಹಾಗಾಗುತ್ತದೆ. ನನಗೆ ಇಷ್ಟ, ಎಲ್ಲರಿಗೂ ಆಗಲಿಕ್ಕಿಲ್ಲ.

ಸೋಪಿನ ಕಡೆಗೂ ಗಮನ ಕೊಡಿ. ನಿಂಬೆ ಸೋಪಿನಲ್ಲಿ ಮಿಂದು ಲವಂಗದ ಸೆಂಟು ಹಾಕಿದರೆ ಎರಡೂ ಜಗಳವಾಡುತ್ತವೆ. ಶ್ರೀಗಂಧದ ಸೋಪು ಇದಕ್ಕೆ ಹೇಳಿ ಮಾಡಿಸಿದ್ದು. 1916ರಲ್ಲಿ ಮೈಸೂರು ಸಂಸ್ಥಾನ ನಾಲ್ವಡಿಯವರ ಕಾಲದಲ್ಲಿ ಶ್ರೀಗಂಧದ ಕೈಗಾರಿಕೆಗೆ ಕೈಹಾಕಿದ್ದರ ಫಲವಾಗಿ ಬಂದ ಮೈಸೂರು ಸ್ಯಾಂಡಲ್ ಸೋಪು ಇವತ್ತಿಗೂ ಪ್ರತಿ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಹೊರದೇಶದ ದುಬಾರಿ ಬಾಟಲಿಗಳ ತಳದಲ್ಲಿ ಇರಲೆಂದು ಹಂಬಲಿಸುವ ಪರಿಮಳ ನಮ್ಮ ಬಚ್ಚಲಿನಲ್ಲೇ ಇದೆ.

ಅರ್ಧ ಗಂಟೆಯಲ್ಲಿ ನನಗೇ ವಾಸನೆ ಬರುವುದಿಲ್ಲ, ಪಕ್ಕದವರು "ಜೋರಾಗಿದೆ" ಅನ್ನುತ್ತಾರೆ. ಯಾಕೆ?

ಮೂಗು ಒಂದೇ ವಾಸನೆಗೆ ಬೇಗ ಒಗ್ಗಿಹೋಗುತ್ತದೆ. ಒಗ್ಗರಣೆ ಹಾಕಿದವರಿಗಿಂತ ಹೊರಗಿನಿಂದ ಬಂದವರಿಗೆ ಇಂಗಿನ ವಾಸನೆ ಮೊದಲು ತಿಳಿಯುವುದಿಲ್ಲವೇ, ಹಾಗೆ. ನಿಮ್ಮ ಮೂಗನ್ನು ನಂಬಿ ಮತ್ತೆ ಒತ್ತಬೇಡಿ. ಮನೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳುವ ಒಬ್ಬರನ್ನು ಕೇಳಿ. ನನಗೆ ನನ್ನ ಮಗಳಿದ್ದಾಳೆ. ಬಾಗಿಲಲ್ಲಿ ನಿಂತು "ಅಮ್ಮ, ಸಾಕು" ಎಂದರೆ ಅಲ್ಲಿಗೆ ಮುಗಿಯಿತು.

ಯಾವುದನ್ನು ಕೊಳ್ಳಲಿ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಒಂದೇ ಹೆಸರು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಈ ವಂಶದ ನಾಲ್ಕೈದು ಹಿರಿಯರನ್ನು ಪರಿಚಯಿಸುತ್ತೇನೆ. ಇವನ್ನು ಒಮ್ಮೆ ಮೂಸಿದರೆ ಅಂಗಡಿಯಲ್ಲಿರುವ ಉಳಿದವೆಲ್ಲ ಯಾರ ಮನೆಯವು ಎಂದು ತಾನಾಗಿ ಗೊತ್ತಾಗುತ್ತದೆ.

ಎಲ್ಲಕ್ಕೂ ಅಜ್ಜಿ ಶಾಲಿಮಾರ್. ಪ್ಯಾರಿಸ್ಸಿನ ಗೆರ್ಲೇನ್ ಮನೆತನದ ಜಾಕ್ ಗೆರ್ಲೇನ್ ಮಾಡಿದ್ದು, 1925ರಿಂದ ಮಾರಾಟದಲ್ಲಿದೆ. ಹೆಸರು ಮೊಘಲರ ಶಾಲಿಮಾರ್ ತೋಟದಿಂದ ಬಂದದ್ದು. ಮೊದಲು ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಹುಳಿ, ಆಮೇಲೆ ಸ್ವಲ್ಪ ಹೊಗೆ ಹಿಡಿದ ವೆನಿಲ್ಲಾ. ಇದರಲ್ಲಿ ಮಸಾಲೆ ಕಡಿಮೆ, ಸಿಹಿ ಮತ್ತು ಧೂಪ ಹೆಚ್ಚು. ಮೊದಲ ಸಲ ಮೂಸಿದವರಿಗೆ ಒರಟು ಅನ್ನಿಸಬಹುದು. ಮೂರು ಗಂಟೆ ಬಿಟ್ಟು ನೋಡಿ.

ಮಸಾಲೆಯೇ ಬೇಕೆಂದರೆ ಈವ್ ಸಾಂ ಲೋರಾನ್ ಅವರ ಓಪಿಯಂ, 1977ರದ್ದು. ಲವಂಗ, ದಾಲ್ಚಿನ್ನಿ, ಕಿತ್ತಳೆ, ಮೈರ್ ಎಂಬ ಧೂಪದ ಅಂಟು. ಅಫೀಮಿನ ಹೆಸರಿಟ್ಟಿದ್ದಕ್ಕೆ ಅಮೆರಿಕದಲ್ಲಿ ಚೀನೀ ಮೂಲದವರು ಪ್ರತಿಭಟನೆ ಮಾಡಿದ್ದರು. ಚೀನಾದ ಪಾಲಿಗೆ ಅಫೀಮು ಎಂದರೆ ಯುದ್ಧದ, ಅವಮಾನದ ನೆನಪು, ಅವರ ನೋವು ನ್ಯಾಯದ್ದೇ. ಈಗ ಸಿಗುವ ಬಾಟಲಿ ಹಳೆಯದರಷ್ಟು ದಟ್ಟವಾಗಿಲ್ಲ. ಆದರೂ ಧನುರ್ಮಾಸದ ಬೆಳಗಿನ ಜಾವ ದೇವಸ್ಥಾನದ ಹುಗ್ಗಿಯಿಂದ ಏಳುವ ಮೆಣಸು, ಲವಂಗ, ತುಪ್ಪದ ಹಬೆ ಯಾರಿಗೆ ಪ್ರಿಯವೋ ಅವರಿಗೆ ಇದು ಒಗ್ಗುತ್ತದೆ.

ತಿನ್ನುವ ಸಿಹಿಯ ದಾರಿ ತೆರೆದದ್ದು 1992ರ ಏಂಜಲ್, ಥಿಯರಿ ಮುಗ್ಲರ್ ಅವರದ್ದು. ಅದರೊಳಗಿನ ಈಥೈಲ್ ಮಾಲ್ಟಾಲ್ ಎಂಬುದರ ವಾಸನೆ ಥೇಟ್ ಜಾತ್ರೆಯ ಬಾಂಬೆ ಮಿಠಾಯಿ. ಅದಕ್ಕೆ ಮಣ್ಣಿನ ವಾಸನೆಯ ಪಚೋಲಿಯನ್ನು ಧಾರಾಳವಾಗಿ ಸುರಿದಿದ್ದಾರೆ. ಬಹಳ ಜೋರು. ಇದಕ್ಕೆ ಮಾತ್ರ ಒಂದೇ ಸಲ ಒತ್ತಿದರೆ ಸಾಕು. 1998ರ ಡಿಯೋರ್ ಹಿಪ್ನಾಟಿಕ್ ಪಾಯ್ಸನ್ ಬಾದಾಮಿ ಹಾಲಿನಂಥದ್ದು, ಸಿಹಿಯಲ್ಲಿ ಒಂದು ಕಹಿ ಎಳೆ. ಮಲ್ಲಿಗೆಯೂ ಇದೆ. ನಮ್ಮ ಹವೆಗೆ, ನಮ್ಮ ಸೀರೆಗೆ ನಾನು ಮೊದಲು ಹೇಳುವುದು ಇದನ್ನೇ. ಕಾಲೇಜಿನ ಹುಡುಗಿಯರು ಕೇಳುವ ಬ್ಲ್ಯಾಕ್ ಓಪಿಯಂ 2014ರದ್ದು, ಹೆಸರಷ್ಟೇ ಹಳೆಯದರ ನೆಂಟಸ್ತನ. ಒಳಗಿರುವುದು ಕಾಫಿ, ವೆನಿಲ್ಲಾ, ಬಿಳಿ ಹೂ. ಚಿಕ್ಕಮಗಳೂರಿನ ಕಾಫಿ ಪುಡಿ ಅಂಗಡಿಯಲ್ಲಿ ಹುರಿಯುವಾಗ ಬರುವ ಗಟ್ಟಿ ಘಮ ನಿರೀಕ್ಷಿಸಬೇಡಿ, ಇದು ಸಕ್ಕರೆ ಹೆಚ್ಚಾದ ಕಾಫಿ.

ದೊಡ್ಡ ಬಾಟಲಿ ಬೇಡ. ಒಂದು ಸಲ ಒತ್ತಿದರೆ ಹೊರಬರುವುದು ಹೆಚ್ಚುಕಡಿಮೆ 0.1 ಮಿ.ಲೀ. ದಿನಕ್ಕೆ ಎರಡು ಸಲದಂತೆ ನಾಲ್ಕು ತಿಂಗಳಿಗೆ 24 ಮಿ.ಲೀ. ಆಯಿತು. 30 ಮಿ.ಲೀ. ಬಾಟಲಿ ಒಂದು ಚಳಿಗಾಲಕ್ಕೆ ಮಿಕ್ಕಿ ಉಳಿಯುತ್ತದೆ.

ಇಡಿಟಿ (ಓ ದ ಟ್ವಾಲೆಟ್), ಇಡಿಪಿ (ಓ ದ ಪರ್ಫಮ್): ಚಳಿಗೆ ಯಾವುದು?

ಇಡಿಪಿ. ಅದರಲ್ಲಿ ಸುಗಂಧದ ಅಂಶ ಸಾಮಾನ್ಯವಾಗಿ ಶೇಕಡಾ 15-20ರ ಆಸುಪಾಸು, ಇಡಿಟಿಯಲ್ಲಿ ಅದಕ್ಕಿಂತ ಕಡಿಮೆ. ಆದರೆ ಒಂದೇ ಹೆಸರಿನ ಎರಡರಲ್ಲಿ ಪರಿಮಳವೇ ಬೇರೆ ಇರುವುದುಂಟು, ಎರಡನ್ನೂ ಮೂಸದೆ ಕೊಳ್ಳಬೇಡಿ.

ಅಂಗಡಿಯಲ್ಲಿ ಹೇಗೆ ನೋಡಬೇಕು?

ಕಾಗದದ ಪಟ್ಟಿಯ ಮೇಲೆ ಮೂಸಿ ಮೂರನ್ನು ಆರಿಸಿ. ಆ ಮೂರರಲ್ಲಿ ಒಂದನ್ನು ಮಾತ್ರ ಮೈಮೇಲೆ ಹಾಕಿಸಿಕೊಂಡು ಅಂಗಡಿಯಿಂದ ಹೊರಗೆ ಬನ್ನಿ. ಕೊಳ್ಳುವುದು ನಾಳೆ. ಅಂಗಡಿಯ ಏಸಿಯಲ್ಲಿ ಚೆಂದವಿದ್ದದ್ದು ಬೀದಿಯಲ್ಲಿ ಬೇರೆಯಾಗಬಹುದು, ಮನೆಯಲ್ಲಿ ಇನ್ನೊಂದಾಗಬಹುದು. ನಡುನಡುವೆ ಮೂಸಲೆಂದು ಕೊಡುವ ಕಾಫಿ ಬೀಜಗಳು ಬರೀ ಗಾಳಿಗಿಂತ ಹೆಚ್ಚೇನೂ ಮಾಡುವುದಿಲ್ಲ; ನಿಮ್ಮದೇ ತೋಳಿನ ಬಟ್ಟೆ ಮೂಸಿಕೊಳ್ಳಿ, ಇಲ್ಲವೇ ಹೊರಗೆ ಹೋಗಿ ಉಸಿರಾಡಿ ಬನ್ನಿ.

ಒಮ್ಮೆ ಒಂದು ಮಾಲಿನ ಮಳಿಗೆಯಲ್ಲಿ ಮಾರಾಟದ ಹುಡುಗಿ ಕೇಳದೆಯೇ ನನ್ನ ಎರಡೂ ಕೈಗೆ ಆರು ಬಗೆ ಹೊಡೆದಳು. ಅವಳದ್ದೂ ತಪ್ಪಲ್ಲ, ಅವಳಿಗೆ ದಿನದ ಟಾರ್ಗೆಟ್ ಇರುತ್ತದೆ. ಆದರೆ ಮನೆಗೆ ಬಂದು ನೋಡಿದರೆ ಯಾವುದು ಯಾವುದೆಂದು ತಿಳಿಯದೆ ಕೊಂಡ ಬಾಟಲಿ ಮೂರು ವರ್ಷ ಕಪಾಟಿನಲ್ಲೇ ಉಳಿಯಿತು. "ಕೈ ಬೇಡಮ್ಮ, ಕಾಗದಕ್ಕೆ ಹಾಕು" ಎಂದು ಬಾಗಿಲಲ್ಲೇ ಹೇಳಿಬಿಡಿ.

ಬೀರುವಿನಿಂದ ತೆಗೆದ ಶಾಲು, ಸ್ವೆಟರಿಗೆ ನುಸಿಗುಳಿಗೆಯ ವಾಸನೆ. ಅದರ ಮೇಲೆ ಸೆಂಟು ಹೊಡೆಯಬಹುದೇ?

ಖಂಡಿತ ಬೇಡ. ನಮ್ಮ ಕಡೆಯ ಚಳಿಗಾಲದ ಪರಿಮಳ ಕೆಡುವುದು ಹೆಚ್ಚಾಗಿ ಇಲ್ಲೇ. ವರ್ಷಕ್ಕೆ ಹತ್ತು ತಿಂಗಳು ಟ್ರಂಕಿನಲ್ಲಿದ್ದ ಉಣ್ಣೆಗೆ ನುಸಿಗುಳಿಗೆ ಎಳೆ ಎಳೆಗೂ ಹತ್ತಿರುತ್ತದೆ. ಅದರ ಮೇಲೆ ವೆನಿಲ್ಲಾ ಸುರಿದರೆ ಸಾರ್ವಜನಿಕ ಶೌಚಾಲಯದ ನೆನಪಾಗುತ್ತದೆ, ಇದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ.

ದೀಪಾವಳಿ ಹೊತ್ತಿಗೇ ಉಣ್ಣೆಯನ್ನೆಲ್ಲ ಹೊರಗೆ ತೆಗೆಯಿರಿ. ಎರಡು ಮೂರು ದಿನ ಬೆಳಗಿನ ಎಳೆಬಿಸಿಲಿಗೆ, ಗಾಳಿಗೆ ಹರವಿ. ನಡುಮಧ್ಯಾಹ್ನದ ಬಿಸಿಲಿಗೆ ಬಣ್ಣ ಹೋಗುತ್ತದೆ. ಒಗೆಯಬಹುದಾದದ್ದನ್ನು ಒಗೆಯಿರಿ. ಆಮೇಲೆ ಮಡಿಸಿ ಇಡುವಾಗ ಗುಳಿಗೆಯ ಬದಲು ಲಾವಂಚದ ಬೇರು, ಒಣಗಿದ ಬೇವಿನೆಲೆ, ತೆಳು ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಲವಂಗ. ನನ್ನ ಅಜ್ಜಿಯ ಟ್ರಂಕಿನ ಮೂಲೆಯಲ್ಲಿ ಇಂಥದೊಂದು ಲವಂಗದ ಗಂಟು ಇರುತ್ತಿತ್ತು. ಹಳೆಯ ವಾಯಿಲ್ ಸೀರೆಯ ತುಂಡು, ನಾಲ್ಕೂ ಚುಂಗು ಸೇರಿಸಿ ಕಪ್ಪು ದಾರ ಸುತ್ತಿದ್ದು. ಲವಂಗದ ಎಣ್ಣೆ ಹೀರಿ ಬಟ್ಟೆ ಕಂದಾಗಿತ್ತು. ಅಜ್ಜಿ ಶಾಲು ಹೊದ್ದು ಬಂದರೆ ಹಜಾರಕ್ಕೆಲ್ಲ ತಿಳಿಯುತ್ತಿತ್ತು. ಆಕೆ ಜೀವಮಾನದಲ್ಲಿ ಒಂದು ಬಾಟಲಿ ಸೆಂಟು ಕೊಂಡವಳಲ್ಲ. ಲವಂಗದ ಪರಿಮಳ ಎರಡು ಮೂರು ತಿಂಗಳಿಗೆ ಕುಂದುತ್ತದೆ, ಆಗಾಗ ಬದಲಿಸಿ. ಜೊತೆಗೆ ವರ್ಷದಲ್ಲಿ ಎರಡು ಮೂರು ಸಲ ಬಟ್ಟೆ ಹೊರತೆಗೆದು ಕೊಡವಲೇಬೇಕು, ಇಲ್ಲದಿದ್ದರೆ ಹುಳಕ್ಕೆ ಇವಿಷ್ಟೇ ತಡೆಯಾಗದು.

ಹೀಗೆ ಗಾಳಿಯಾಡಿಸಿದ ಉಣ್ಣೆ ಪರಿಮಳವನ್ನು ದಿನಗಟ್ಟಲೆ ಹಿಡಿದಿಡುತ್ತದೆ. ಗಾಢ ಬಣ್ಣದ ಶಾಲಿನ ಒಳಬದಿಗೆ ದೂರದಿಂದ ಒಂದು ಸಲ ಒತ್ತಿದರೆ ವಾರವಿಡೀ ಸಾಕು. ಆ ವಾರ ಮೈಗೆ ಬೇರೆ ಜಾತಿಯದ್ದು ಹಾಕಬೇಡಿ.

ರೇಷ್ಮೆ ಸೀರೆಯ ಮೇಲೆ?

ಬೇಡ. ಸೆಂಟಿನ ಎಣ್ಣೆಯಂಶ ರೇಷ್ಮೆಗೆ ಕಲೆ ಮಾಡುತ್ತದೆ, ಮದ್ಯಸಾರ ಬಣ್ಣ ಬಿಡಿಸಬಹುದು, ಜರಿ ಕಂದುತ್ತದೆ. ವೆನಿಲಿನ್ ಇರುವ ಪರ್ಫ್ಯೂಮುಗಳು ದಿನ ಕಳೆದಂತೆ ತಾವೇ ಕಂದು ಬಣ್ಣಕ್ಕೆ ತಿರುಗುತ್ತವೆ, ತಿಳಿ ಬಣ್ಣದ ಮೈಸೂರು ಸಿಲ್ಕಿನ ಮೇಲೆ ಆ ಕಲೆ ಹೋಗುವುದಿಲ್ಲ. ಸೀರೆ ಉಡುವ ಕಾಲು ಗಂಟೆ ಮೊದಲೇ ಮೈಗೆ ಹಾಕಿ ಆರಲು ಬಿಡಿ. ಮುತ್ತಿನ ಸರವೂ ಸೆಂಟು ಆರಿದ ಮೇಲೆಯೇ.

ಮಲ್ಲಿಗೆ ಮುಡಿದಾಗ ಈ ಸೆಂಟು ಹಾಕಬಹುದೇ?

ಹಾಕಬಹುದು, ಅರ್ಧಕ್ಕೆ ಇಳಿಸಿ. ಮಲ್ಲಿಗೆಯೇ ಆ ಹೊತ್ತಿನ ಯಜಮಾನಿ. ಕತ್ತಿನ ಹಿಂದೆ ಬೇಡ, ಮೊಣಕೈಗೆ ಒಂದು ಸಲ ಸಾಕು. ವೆನಿಲ್ಲಾ, ಶ್ರೀಗಂಧ ಇರುವಂಥವು ಮಲ್ಲಿಗೆಗೆ ಒಳ್ಳೆಯ ಜೊತೆ. ಲವಂಗ ಜೋರಾಗಿರುವಂಥವು ಹೂವನ್ನು ಮುಚ್ಚಿಹಾಕುತ್ತವೆ.

ಹೂವಿನ ಮಾತಿಗೆ ದವನವನ್ನು ಮರೆಯಬಾರದು. ದವನ ನಮ್ಮ ನೆಲದ ಚಳಿಗಾಲದ ಬೆಳೆ, ನವೆಂಬರ್ ಹೊತ್ತಿಗೆ ಹಾಕಿ ಫೆಬ್ರವರಿ-ಮಾರ್ಚಿನಲ್ಲಿ ಕೊಯ್ಯುತ್ತಾರೆ. ಮಾರೊಂದಕ್ಕೆ ನಡುನಡುವೆ ಕಟ್ಟಿದ ಆ ಬೂದುಹಸಿರು ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿ ನೋಡಿ: ಹಣ್ಣಿನ ಪಾಕದ ಸಿಹಿ, ಹಿಂದೆ ಗಿಡಮೂಲಿಕೆಯ ಕಹಿ. ಇದರ ಎಣ್ಣೆ ಹೊರದೇಶದ ಪರ್ಫ್ಯೂಮು ಮಾಡುವವರಿಗೆ ಹೋಗುತ್ತದೆ. ಬಾಟಲಿಯ ವಿವರದಲ್ಲಿ ದವನ ಎಂದು ಕಂಡರೆ ನಾನು ತಪ್ಪದೆ ಮೂಸಿ ನೋಡುತ್ತೇನೆ.

ಅತ್ತರು ಚಳಿಗೆ ಒಳ್ಳೆಯದೇ?

ಬಹಳ ಒಳ್ಳೆಯದು. ಅತ್ತರಿನವರು ಹಿಂದಿನಿಂದಲೂ ಋತುವಿಗೆ ತಕ್ಕ ಹಾಗೆ ವಿಂಗಡಿಸಿಕೊಂಡು ಬಂದಿದ್ದಾರೆ. ಗುಲಾಬಿ, ಲಾವಂಚ, ಕೇದಗೆ, ಮಲ್ಲಿಗೆ ಬೇಸಿಗೆಗೆ ತಂಪು. ಹಿನಾ, ಶಮಾಮಾ, ಅಂಬರ್, ಊದ್ ಚಳಿಗೆ ಬಿಸಿ. ಶಮಾಮಾ ಎಂಬುದು ಹತ್ತಾರು ಗಿಡಮೂಲಿಕೆ, ಮಸಾಲೆಗಳನ್ನು ಸೇರಿಸಿ ಭಟ್ಟಿ ಇಳಿಸಿದ್ದು. ಉತ್ತರ ಪ್ರದೇಶದ ಕನ್ನೌಜಿನಲ್ಲಿ ಈಗಲೂ ತಾಮ್ರದ ಹಂಡೆಗೆ ಬಿದಿರಿನ ಕೊಳವೆ ಹೂಡಿ ಇಳಿಸುತ್ತಾರೆ. ಇದರಲ್ಲಿ ಮದ್ಯಸಾರ ಇಲ್ಲ, ಒಣ ಚರ್ಮಕ್ಕೆ ಹಿತ. ಒಂದು ಕಡ್ಡಿಯ ತುದಿಯಷ್ಟು ಕಿವಿಯ ಹಿಂದೆ ಮುಟ್ಟಿಸಿದರೆ ಮರುದಿನದವರೆಗೂ ಇರುತ್ತದೆ.

ಮೈಸೂರಿನ ದೇವರಾಜ ಮಾರುಕಟ್ಟೆಯ ಕುಂಕುಮ-ಸುಗಂಧದ ಅಂಗಡಿಗಳಲ್ಲಿ ಕೂತು ನಿಧಾನವಾಗಿ ಮೂಸಿ. ಹತ್ತು ಮಿ.ಲೀ.ಗೆ ನೂರು ರೂಪಾಯಿ ಹೇಳಿ "ಅಸಲಿ ಶ್ರೀಗಂಧ" ಎಂದರೆ ನಂಬಬೇಡಿ. ಅಸಲಿ ಗಂಧದೆಣ್ಣೆ ಆ ಬೆಲೆಗೆ ಎಲ್ಲೂ ಸಿಗದು. ಪರಿಮಳ ಇಷ್ಟವಾದರೆ ಕೃತಕವೆಂದು ತಿಳಿದೇ ಕೊಳ್ಳಿ, ತಪ್ಪಿಲ್ಲ.

ಕತ್ತು ಕೆಂಪಾಗಿ ತುರಿಸುತ್ತದೆ. ಏನು ಮಾಡಲಿ?

ಕೂಡಲೇ ನಿಲ್ಲಿಸಿ, ಸೋಪುನೀರಿನಲ್ಲಿ ತೊಳೆಯಿರಿ. ಲವಂಗದ ಯೂಜೆನಾಲ್, ದಾಲ್ಚಿನ್ನಿಯ ಸಿನಮಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಯುರೋಪಿನಲ್ಲಿ ಇಂಥ 26 ಪದಾರ್ಥಗಳ ಹೆಸರನ್ನು ಡಬ್ಬಿಯ ಮೇಲೆ ಮುದ್ರಿಸಬೇಕೆಂಬ ನಿಯಮ ಹಿಂದಿನಿಂದ ಇದೆ, ಈಚೆಗೆ ಪಟ್ಟಿಯನ್ನು ಇನ್ನೂ ಉದ್ದ ಮಾಡಿದ್ದಾರೆ. ಹಾಗಾಗಿ ಡಬ್ಬಿ ಎಸೆಯಬೇಡಿ, ಓದಿ. ಹೊಸದನ್ನು ಮೊದಲು ಮೊಣಕೈ ಒಳಗೆ ಒಂದು ಹನಿ ಹಾಕಿ ಎರಡು ದಿನ ನೋಡಿ, ಅಲರ್ಜಿ ಏಳಲು ಅಷ್ಟು ಹೊತ್ತು ಬೇಕಾಗುತ್ತದೆ. ಮತ್ತೆ ಮತ್ತೆ ಆದರೆ ಚರ್ಮದ ಡಾಕ್ಟರು ಪ್ಯಾಚ್ ಟೆಸ್ಟ್ ಮಾಡಿ ಯಾವ ಪದಾರ್ಥವೆಂದು ಹೇಳುತ್ತಾರೆ.

ಮನೆಯಲ್ಲೇ ಲವಂಗದೆಣ್ಣೆ, ದಾಲ್ಚಿನ್ನಿ ಎಣ್ಣೆ ಬೆರೆಸಿ ಹಚ್ಚಿಕೊಳ್ಳಬಹುದೇ ಎಂದೂ ಕೇಳುತ್ತಾರೆ. ಹಾಗೇ ಹಚ್ಚಿದರೆ ಚರ್ಮ ಸುಡುತ್ತದೆ. ಆ ಪ್ರಯೋಗ ಬೇಡ.

ಕ್ಯಾಬಿನಲ್ಲಿ, ಆಫೀಸಿನಲ್ಲಿ ಬೇರೆಯವರಿಗೆ ತೊಂದರೆಯಾಗುತ್ತದೆಯೇ?

ಆಗುತ್ತದೆ. ಚಳಿಯೆಂದು ಕಿಟಕಿ ಮುಚ್ಚಿದ ಕ್ಯಾಬಿನಲ್ಲಿ ನಾಲ್ಕು ಜನ, ಅವರಲ್ಲಿ ಒಬ್ಬರಿಗೆ ಮೈಗ್ರೇನೋ ಆಸ್ತಮಾವೋ ಇದ್ದರೆ ನಮ್ಮ ಸಂತೋಷ ಅವರಿಗೆ ಹಿಂಸೆ. ಕೆಲಸದ ದಿನ ಒಂದೇ ಸಲ ಒತ್ತಿ, ಅದೂ ಬಟ್ಟೆಯ ಒಳಗೆ, ಹೊಟ್ಟೆಯ ಮೇಲೆ. ಪಕ್ಕದವರು ಬಸುರಿಯಾಗಿದ್ದರೆ ಆ ತಿಂಗಳುಗಳಲ್ಲಿ ಹಾಕಲೇಬೇಡಿ. ಆಸ್ಪತ್ರೆಗೆ, ಬಾಣಂತಿಯನ್ನು ನೋಡಲು ಹೋಗುವಾಗಲೂ ಬೇಡ.

ಇದು ವಯಸ್ಸಾದವರ ಸೆಂಟು ಅಲ್ಲವೇ?

ಇಪ್ಪತ್ತರ ಹುಡುಗಿಯರು "ಆಂಟಿ ಥರ ಇದೆ" ಎನ್ನುತ್ತಾರೆ, ಅರವತ್ತು ದಾಟಿದವರು "ನಮ್ಮ ವಯಸ್ಸಿಗೆ ಇದೆಲ್ಲ ಯಾಕೆ" ಎನ್ನುತ್ತಾರೆ. ಎರಡೂ ನನಗೆ ಬೇಸರ ತರುವ ಮಾತು. ನನ್ನ ಅತ್ತೆಗೆ ಎಪ್ಪತ್ತೆರಡು. ಎರಡು ವರ್ಷದ ಹಿಂದೆ ಸಂಕ್ರಾಂತಿಗೆ ಎಳ್ಳು ಬೀರಲು ಹೊರಟಾಗ ಅವರ ಶಾಲಿಗೆ ನನ್ನ ಏಲಕ್ಕಿ ಸೆಂಟು ಒಂದು ಸಲ ಹಾಕಿದೆ. ಬಾಯಲ್ಲಿ ಬೇಡ ಬೇಡ ಎಂದರು. ಮರುದಿನ ಶಾಲನ್ನು ಒಗೆಯಲು ಕೇಳಿದರೆ ಕೊಡಲಿಲ್ಲ. ಈಗ ಅವರದ್ದೇ ಒಂದು ಪುಟ್ಟ ಬಾಟಲಿ ದೇವರ ಮನೆಯ ಪಕ್ಕದ ಗೂಡಿನಲ್ಲಿದೆ.

ಅಮೆರಿಕ, ಕೆನಡಾ, ಯುರೋಪಿನಲ್ಲಿದ್ದೇವೆ. ಅಲ್ಲಿಗೂ ಇದೇ ಅಳತೆಯೇ?

ಅಲ್ಲಿ ಲೆಕ್ಕವೇ ಬೇರೆ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ, ಒಳಗೆ ಹೀಟರು ಹಾಕಿ ಇಪ್ಪತ್ತೆರಡು. ಬೀದಿಯಲ್ಲಿ ಏನೂ ಗೊತ್ತಾಗುತ್ತಿಲ್ಲವೆಂದು ಜಾಸ್ತಿ ಹಾಕಿಕೊಂಡು ಒಳಗೆ ಹೋಗಿ ಕೋಟು ಬಿಚ್ಚಿದ ಕೂಡಲೇ ಎಲ್ಲ ಒಮ್ಮೆಗೇ ಏಳುತ್ತದೆ. ಒಳಗಿನ ಬಿಸಿಗೆ ಎಷ್ಟು ಬೇಕೋ ಅಷ್ಟೇ ಹಾಕಿ. ಕೋಟಿನ ಒಳಗಿನ ಸ್ಕಾರ್ಫಿಗೆ ಹಾಕಿದರೆ ಬೇಡವೆನಿಸಿದಾಗ ತೆಗೆದಿಡಬಹುದು. ಕೆನಡಾದ ಅನೇಕ ಆಸ್ಪತ್ರೆ, ಕಚೇರಿಗಳಲ್ಲಿ ಸುಗಂಧ ಹಾಕಿಕೊಂಡು ಬರಬಾರದೆಂಬ ನಿಯಮವೇ ಇದೆ, ಮೊದಲು ವಿಚಾರಿಸಿ. ಊರಿಂದ ಹೋಗುವಾಗ ವಿಮಾನದ ಕೈಚೀಲದಲ್ಲಿ 100 ಮಿ.ಲೀ.ಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ.

ಚಳಿ ಮುಗಿದ ಮೇಲೆ ಉಳಿದದ್ದನ್ನು ಹೇಗಿಡಲಿ?

ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತ ಹೋಗುತ್ತದೆ. ಆ ವಾರವೇ ಬಾಟಲಿಗಳನ್ನು ಒಳಗಿಡಿ. ಕನ್ನಡಿ ಮುಂದಿನ ಬಿಸಿಲು, ಬಚ್ಚಲಿನ ಹಬೆ, ಕಾರಿನ ಡ್ಯಾಶ್‌ಬೋರ್ಡು ಮೂರೂ ಶತ್ರುಗಳು. ಮುಚ್ಚಳ ಬಿಗಿಮಾಡಿ, ಅದರದ್ದೇ ರಟ್ಟಿನ ಡಬ್ಬಿಗೆ ಹಾಕಿ, ಬೀರುವಿನ ಕೆಳಗಿನ ಅರೆಯಲ್ಲಿ ಬಟ್ಟೆಗಳ ಹಿಂದೆ ನಿಲ್ಲಿಸಿಡಿ. ಮಲಗಿಸಿದರೆ ಸೋರಬಹುದು. ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ಕೊಂಡ ವರ್ಷ ಬರೆದಿಡಿ. ಬಣ್ಣ ಸ್ವಲ್ಪ ಗಾಢವಾಗಿದ್ದರೆ ಗಾಬರಿ ಬೇಡ, ವೆನಿಲ್ಲಾ ಇದ್ದಲ್ಲಿ ಅದು ಸಹಜ. ಮತ್ತೆ ತೆಗೆದಾಗ ಮೊದಲೆರಡು ಸಲ ಗಾಳಿಗೆ ಒತ್ತಿ, ಕೊಳವೆಯಲ್ಲಿ ನಿಂತದ್ದು ಹೋಗಲಿ. ಮೂರನೆಯದನ್ನು ಕೈಮೇಲೆ ಹಾಕಿ ಮೂಸಿ. ಹುಳಿ ವಾಸನೆಯೋ ಬಣ್ಣದ ಡಬ್ಬಿಯ ವಾಸನೆಯೋ ಹತ್ತು ನಿಮಿಷ ಕಳೆದರೂ ಹೋಗದಿದ್ದರೆ ಅದು ಮೈಗೆ ಬೇಡ, ಬಚ್ಚಲಿಗೂ ಬೇಡ, ಎಸೆದುಬಿಡಿ.